ಬೋರಲಿಟ್ಟ ಡಬ್ಬಿ

ಸರಸಂಬಾದಲ್ಲಿ ಕಸದ ಗಾಡಿ ಕಾಣುವ ಮೊದಲೇ ಯಾಸ್ಮೀನಳ ದನಿ ಕೇಳುತ್ತದೆ. ಗಾಡಿಯಲ್ಲಿ ಸ್ವಚ್ಛತೆಯ ಹಾಡು ಹಾಡುವ ಪೆಟ್ಟಿಗೆಯೇನೋ ಇತ್ತು. ಒಂದು ಮಳೆಗಾಲದಲ್ಲಿ ಇಲಿ ಅದರ ತಂತಿ ಕಡಿದು ಹಾಕಿತು. ಹಾಡು ಹೋದರೆ ಹೋಗಲಿ, ಬಾಯಿ ಇದೆಯಲ್ಲ ಎಂದು ಯಾಸ್ಮೀನ ಅಂದಿನಿಂದ ಮೈಕು ಹಿಡಿದು ತಾನೇ ಮಾತಾಡುತ್ತ ಬರುತ್ತಾಳೆ. ಊರಿನವರಿಗೆ ಇದು ಹಾಡಿಗಿಂತ ರುಚಿ ಹತ್ತಿಬಿಟ್ಟಿದೆ. ಹಾಡಿನಲ್ಲಿ ಯಾರ ಹೆಸರೂ ಬರುತ್ತಿರಲಿಲ್ಲ, ಇವಳ ಮಾತಿನಲ್ಲಿ ಎಲ್ಲರ ಹೆಸರೂ ಬರುತ್ತದೆ.

“ರುಕ್ಮಿಣಿಬಾಯಾರ, ಉಳ್ಳಾಗಡ್ಡಿ ಸಿಪ್ಪಿ ಒಳಗ ಟಾರ್ಚಿನ ಸೆಲ್ಲು ಹಾಕೀರಿ. ಸೆಲ್ಲು ಕೊಳಿತದೇನ್ರಿ? ಬ್ಯಾರೆ ಇಡ್ರಿ.”

ಓಣಿಯೆಲ್ಲ ನಗುತ್ತದೆ. ರುಕ್ಮಿಣಿಬಾಯಿ ಸೆರಗು ಎಳೆದುಕೊಂಡು ಹೊರಗೆ ಬಂದು, ಗೊಣಗುತ್ತ ಸೆಲ್ಲು ಆರಿಸಿ ಕೊಡುತ್ತಾಳೆ. ಹಾಗೆ ಬಂದವಳು ಸುಮ್ಮನೆ ಹೋಗುವುದಿಲ್ಲ, ಒಳಗಿನಿಂದ ಅರ್ಧ ಕಪ್ಪು ಚಹಾ ತಂದು ಗಾಡಿಯ ಕಿಟಕಿಯಲ್ಲಿ ಇಡುತ್ತಾಳೆ. ಬೈಸಿಕೊಂಡವರೇ ಚಹಾ ಕೊಡುವ ಊರು ಇದು. ಯಾಸ್ಮೀನಳಿಗೆ ಅದು ಗೊತ್ತು, ಅದಕ್ಕೇ ಅವಳ ಬಾಯಿಗೆ ಇಷ್ಟು ಧೈರ್ಯ.

ಅವಳು ಹುಟ್ಟಿ ಬೆಳೆದದ್ದು ಜೇವರ್ಗಿಯಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನದೊಂದು ಪಂಕ್ಚರ್ ಅಂಗಡಿ. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಟ್ಯೂಬಿಗೆ ಗಾಳಿ ಹಾಕುವುದು, ನೀರಿನಲ್ಲಿ ಮುಳುಗಿಸಿ ತೂತು ಹುಡುಕುವುದು ಎಲ್ಲ ಅವಳ ಪಾಲಿಗೆ ಬಂತು. ಗಾಡಿ ಎಂದರೆ ಅವಳಿಗೆ ಭಯ ಅಂತ ಒಂದಿರಲಿಲ್ಲ. ಸರಸಂಬಾದ ಏಜಾಜನಿಗೆ ಕೊಟ್ಟು ಮದುವೆ ಮಾಡಿದರು. ಏಜಾಜ ಕಬ್ಬಿನ ಹಂಗಾಮಿನಲ್ಲಿ ಭೂಸನೂರ ಕಡೆ ದುಡಿಯಲು ಹೋದರೆ ವಾರಕ್ಕೊಮ್ಮೆ ಮುಖ ತೋರಿಸುವ ಮನುಷ್ಯ. ಮನೆಯಲ್ಲಿ ಅತ್ತೆ ಖಾಸೀಂಬಿ, ಒಂದು ಎಮ್ಮೆ, ಇವಳು. ಮಹಿಳಾ ಸಂಘದ ಹೆಣ್ಣುಮಕ್ಕಳಿಗೆ ಕಸದ ಗಾಡಿ ಓಡಿಸಲು ಕಲಿಸುತ್ತಾರಂತೆ ಎಂದು ಸುದ್ದಿ ಬಂದಾಗ ಸಂಘದಲ್ಲಿ ಎಲ್ಲರೂ ನೆಲ ನೋಡಿದರು. ಯಾಸ್ಮೀನ ಕೈ ಎತ್ತಿದಳು.

ಮುಸಲ್ಮಾನರ ಮನೆಯ ಸೊಸೆ, ಊರ ಕಸ ಎತ್ತುತ್ತಾಳಂತೆ, ಖಾಸೀಂಬಿ ಬಿಟ್ಟಾಳೆಯೇ ಎಂದು ಊರು ಕಾದು ನೋಡಿತು. ಖಾಸೀಂಬಿಯ ಮನೆಮಾತು ಉರ್ದು. ಆದರೆ ಸಿಟ್ಟು ಬಂದಾಗ, ಪ್ರೀತಿ ಉಕ್ಕಿದಾಗ ಅವಳು ತಾನಾಗಿ ಕನ್ನಡಕ್ಕೆ ಇಳಿಯುತ್ತಾಳೆ. ಆ ದಿನ ಕಟ್ಟೆಯ ಮೇಲೆ ಕೂತು, ಕೇಳಿದವರಿಗೆಲ್ಲ ಕನ್ನಡದಲ್ಲೇ ಹೇಳಿದಳು: “ಕಸಾ ಮಾಡಾಕ ನಿಮಗ್ಯಾರಿಗೂ ನಾಚಿಕಿ ಇಲ್ಲ. ಎತ್ತಾಕ ನನ್ನ ಸೊಸಿಗ್ಯಾಕ ನಾಚಿಕಿ?” ಯಾಸ್ಮೀನ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಈ ಮಾತು ಕಿವಿಗೆ ಬಿದ್ದು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ತವರಿನಿಂದ ತಂದ ಬಂಗಾರಕ್ಕಿಂತ ಈ ಮಾತನ್ನು ಅವಳು ಹೆಚ್ಚು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಗಾಡಿ ಓಡಿಸಲು ಶುರು ಮಾಡಿದ ಮೇಲೆ ಅವಳಿಗೆ ತಿಳಿದ ಸಂಗತಿ ಒಂದು: ಕಸದವರಿಗೆ ಹಬ್ಬ ಎಂದರೆ ಹಬ್ಬದ ಮರುದಿನ. ಉಳಿದ ದಿನ ಬೂದಿ, ಸಿಪ್ಪೆ, ಹರಿದ ಚೀಲ, ಎಲ್ಲ ಒಂದು ಅಂದಾಜಿಗೆ ಬರುತ್ತದೆ. ಹಬ್ಬದ ಮರುದಿನ ಮಾತ್ರ ಗಾಡಿ ಅರ್ಧ ಊರಿಗೇ ತುಂಬಿ ನಿಂತುಬಿಡುತ್ತದೆ. ಮುಟ್ಟಿದರೆ ಪುಡಿಯಾಗುವ ಬಿಳಿ ತಟ್ಟೆಗಳು, ಗಾಳಿಗೆ ಹಾರುವ ಲೋಟಗಳು, ಹೊಳೆಯುವ ಕಾಗದದ ಮಾಲೆಗಳು. ಯಾವ ದೇವರು ಕೇಳಿದ್ದ ಇದನ್ನೆಲ್ಲ? ಎಮ್ಮೆ ಆಕಳು ಬಂದು ಆ ತಟ್ಟೆಯನ್ನು ಅನ್ನದ ಸಮೇತ ಅಗಿಯುತ್ತಿದ್ದವು. ಅವಳು ಗಾಡಿ ನಿಲ್ಲಿಸಿ ದನ ಓಡಿಸಿ ತಟ್ಟೆ ಕಸಿದುಕೊಳ್ಳುತ್ತಿದ್ದಳು.

ಹಾಗೆ ಹೋದ ವರ್ಷದ ರಂಜಾನ್ ಹಬ್ಬದ ಮರುದಿನ. ಮನೆ ಮನೆಯ ಬುಟ್ಟಿಯಿಂದಲೂ ಒಂದೇ ಥರದ ಪ್ಲಾಸ್ಟಿಕ್ ಲೋಟಗಳು ಬೀಳುತ್ತಿದ್ದವು. ತಳದಲ್ಲಿ ಶಾವಿಗೆ ಅಂಟಿತ್ತು, ಉತ್ತತ್ತಿಯ ಚೂರಿತ್ತು. ಯಾರ ಮನೆಯವು ಇವು ಎಂದು ಮೈಕಿನಲ್ಲಿ ಕೇಳಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಯಾಕೆಂದರೆ ಅವು ಅವಳ ಮನೆಯವೇ. ಹಿಂದಿನ ದಿನ ಓಣಿಗೆಲ್ಲ ಹಂಚಿದ್ದ ಶಾವಿಗೆಯ ಸುರಕುಂಬಾ, ಖಾಸೀಂಬಿ ತಾಸುಗಟ್ಟಲೆ ಒಲೆ ಮುಂದೆ ಕೂತು ಹಾಲು ಇಂಗಿಸಿ ಮಾಡಿದ್ದ ಸುರಕುಂಬಾ. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯ ಕಸವೇ ಗಾಡಿಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಕೂತಿತ್ತು.

ಆ ದಿನ ಮನೆಗೆ ಬಂದು ಅತ್ತೆಯ ಮುಂದೆ ಹೇಳಿದಳು. ಖಾಸೀಂಬಿ ಎದ್ದು ಹೋಗಿ, ಕೌದಿಗಳ ಕೆಳಗಿದ್ದ ಟ್ರಂಕು ತೆಗೆದಳು. ಅವಳ ಮದುವೆಯಲ್ಲಿ ಬಂದ ಸ್ಟೀಲ್ ಡಬ್ಬಿಗಳು, ಕಾಗದದಲ್ಲಿ ಸುತ್ತಿ ಇಟ್ಟದ್ದು ಇಟ್ಟ ಹಾಗೇ ಇದ್ದವು. “ಮೊದಲ ಇದರಾಗೇ ಕೊಡತಿದ್ವಿ. ಆಮ್ಯಾಲ ಲೋಟ ಬಂದ್ವು, ಸಸ್ತಾ ಅನಸ್ತು, ತೊಳಿಯೂ ತ್ರಾಸ ಇಲ್ಲ ಅನಸ್ತು” ಎಂದಳು. ಮುಂದಿನ ರಂಜಾನಿಗೆ ಸುರಕುಂಬಾ ಆ ಡಬ್ಬಿಗಳಲ್ಲಿ ಹೋಯಿತು. ಮರುದಿನ ಗಾಡಿ ಹಗುರಾಗಿ ಓಡಿತು. ಯಾಸ್ಮೀನಳ ಮೈಕಿಗೆ ಹೊಸ ಪಾಠ ಸಿಕ್ಕಿತು: “ಹಬ್ಬದ ಊಟ ಡಬ್ಬ್ಯಾಗ ಕೊಡ್ರಿ. ತಗೊಂಡೋರು ಸ್ವಚ್ಛ ತೊಳದು ವಾಪಸ್ ಕೊಡ್ರಿ.” ನೋಡ ನೋಡುತ್ತ ಕೆಲವು ಮನೆಗಳು ಅದನ್ನೇ ಹಿಡಿದವು. ಗಣಪತಿಯ ಮುಂದೆ ಪ್ರಸಾದ ಮುತ್ತಲ ಎಲೆಯ ಮೇಲೆ ಬಂತು. ಯಾಸ್ಮೀನ ದಿನದ ಕೊನೆಗೆ ಗಾಡಿ ತೊಳೆಯುವಾಗ, ಅತ್ತೆ ಯಾವಾಗಲೂ ಹೇಳುವ ಹಾಗೆ, ದೇವರಿಗೆ ಶುಕರ್ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಈಗ ನಿಂಬೆವ್ವನ ಮಾತು ಹೇಳಬೇಕು. ಖಾಸೀಂಬಿಯ ಮನೆಯ ಎದುರಿಗೆ ಅವಳ ಮನೆ, ನಡುವೆ ಒಂದು ಬೇವಿನ ಮರ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಈ ಓಣಿಗೆ ಬಂದವರು. ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದ್ದಾರೆ, ಒಬ್ಬರ ಗಂಡನನ್ನು ಇನ್ನೊಬ್ಬರು ಬೈದಿದ್ದಾರೆ. ನಿಂಬೆವ್ವನ ಗಂಡ ಧರ್ಮಣ್ಣ ಪ್ರತಿ ವರ್ಷ ಎಳ್ಳ ಅಮಾವಾಸ್ಯೆಯ ಮುಂಜಾನೆ ಬಂಡಿ ಹೂಡಿ, ಖಾಸೀಂಬಿಯ ಬಾಗಿಲ ಮುಂದೆ ನಿಲ್ಲಿಸಿ, “ಖಾಸೀಂಬಿ ತಂಗಿ, ಬಾರವಾ” ಎಂದು ಕರೆಯುತ್ತಿದ್ದ. ಆ ದಿನ ಈ ಸೀಮೆಯಲ್ಲಿ ಮನೆಯಲ್ಲಿ ಉಳಿಯುವವರು ಯಾರೂ ಇಲ್ಲ. ಎದೆಯೆತ್ತರ ಬೆಳೆದ ಜೋಳದ ನಡುವೆ ಬುತ್ತಿ ಬಿಚ್ಚಿ, ಭೂಮಿತಾಯಿಗೆ ಚರಗವೆಂದು ಮೊದಲ ತುತ್ತು ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ತಿಂದು, ಅಲ್ಲೇ ಸೆರಗು ಹಾಸಿ ಮಲಗಿ ಬರುವುದು. ಖಾಸೀಂಬಿ ಬೇರೆ ಎಲ್ಲಿಗೂ ಹೋಗುವವಳಲ್ಲ. ಮದುವೆ ಮುಂಜಿ ಎಂದರೂ ಮೊಣಕಾಲು ನೋವು ತೋರಿಸಿ ಕೂಡುತ್ತಾಳೆ. ಎಳ್ಳ ಅಮಾವಾಸ್ಯೆಗೆ ಮಾತ್ರ ಮೊಣಕಾಲು ಸುಮ್ಮನಿರುತ್ತಿದ್ದವು. ವರ್ಷದಲ್ಲಿ ಅದೊಂದು ದಿನ ಅವಳದು.

ಹೋದ ವರ್ಷ ದಸರೆ ಮುಗಿದ ಮೇಲೆ ಧರ್ಮಣ್ಣ ತೀರಿಕೊಂಡ. ಎದೆ ನೋವು ಎಂದವನು ಆಳಂದ ಮುಟ್ಟುವ ಮೊದಲೇ ಹೋಗಿಬಿಟ್ಟ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆ ದಿನಗಳಲ್ಲೆಲ್ಲ ಖಾಸೀಂಬಿಯ ಮನೆಯಿಂದ ರೊಟ್ಟಿ ಹೋಯಿತು, ಜುಣಕ ಹೋಯಿತು, ಚಹಾ ಹೋಯಿತು. ಡಬ್ಬಿ ತರಲು ಯಾಸ್ಮೀನ ಹೋಗುತ್ತಿದ್ದಳು. ನಿಂಬೆವ್ವನ ಸೊಸೆ ಜಯಮಾಲಾ ಅವನ್ನು ಬೆಳ್ಳಗೆ ತೊಳೆದು ಕಟ್ಟೆಯ ಮೇಲೆ ಬೋರಲು ಇಟ್ಟಿರುತ್ತಿದ್ದಳು. ಇಂಥ ದುಃಖದಲ್ಲೂ ಎಷ್ಟು ಅಚ್ಚುಕಟ್ಟು ಈ ಜನ ಎಂದು ಯಾಸ್ಮೀನ ಮೆಚ್ಚಿಕೊಂಡಿದ್ದಳು. ಇನ್ನೊಬ್ಬರ ಪಾತ್ರೆ ಹಿಂತಿರುಗಿಸುವುದು ಹೇಗೆ ಎಂಬುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು, ಅದನ್ನೇ ಕಲಿತಳು. ಈ ವರ್ಷದ ರಂಜಾನಿನ ಡಬ್ಬಿಗಳು ವಾಪಸ್ ಬರುವಾಗ ಅವಳು ಗಾಡಿಯ ಮೇಲಿದ್ದಳು. ಅವನ್ನು ಇಸಿದುಕೊಂಡವಳು ಖಾಸೀಂಬಿ.

ವರ್ಷ ತುಂಬುವವರೆಗೆ ನಿಂಬೆವ್ವನ ಮನೆಯಲ್ಲಿ ಹಬ್ಬವಿರಲಿಲ್ಲ. ಹೋದ ವರ್ಷದ ಎಳ್ಳ ಅಮಾವಾಸ್ಯೆಯೂ ಹಾಗೇ ಹೋಯಿತು. ಈ ದೀಪಾವಳಿಗೆ ಮೊದಲ ಸಲ ಮತ್ತೆ ಎಣ್ಣೆ ಕಾಯಿಸಿದರು. ನಿಂಬೆವ್ವ ಡಬ್ಬಿ ತುಂಬ ಕರ್ಚಿಕಾಯಿ, ಶೇಂಗಾ ಉಂಡಿ ತುಂಬಿ, ಮೇಲೆ ಎರಡು ಚಕ್ಕಲಿ ಇಟ್ಟು ಜಯಮಾಲಾಳ ಕೈಯಲ್ಲಿ ಕಳಿಸಿದಳು. ಖಾಸೀಂಬಿ ಕರ್ಚಿಕಾಯಿ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಎದುರುಮನೆಯಲ್ಲಿ ಮತ್ತೆ ಸಿಹಿ ಮಾಡಿದರಲ್ಲ ಎಂದು ಅವಳಿಗೆ ನಿಜವಾಗಿ ಸಮಾಧಾನವಾಗಿತ್ತು.

ಮರುದಿನ ಯಾಸ್ಮೀನಳಿಗೆ ಪಟಾಕಿಯ ಕಾಗದ ಬಳಿದು ಸಾಕಾಗಿತ್ತು. ಆದರೂ ಬಂದವಳೇ ಡಬ್ಬಿ ಖಾಲಿ ಮಾಡಿ, ಬೂದಿ ಹಚ್ಚಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿದಳು. ಮೈಕಿನಲ್ಲಿ ಹೇಳಿದ್ದನ್ನು ತಾನು ಮಾಡಿ ತೋರಿಸಬೇಡವೇ? ಓಣಿ ದಾಟಿ ಹೋಗಿ, ನಿಂಬೆವ್ವನ ಕಟ್ಟೆಯ ಮೇಲೆ ಅದನ್ನು ಬೋರಲು ಇಟ್ಟು, “ಜಯಮಾಲಾ, ಡಬ್ಬಿ ಇಟ್ಟೇನಿ ನೋಡ” ಎಂದು ಕೂಗಿ ಬಂದಳು. ಖಾಸೀಂಬಿ ಅಷ್ಟೊತ್ತಿಗೆ ನಮಾಜಿಗೆ ಕೂತಿದ್ದಳು. ಅವಳಿಗೆ ಇದು ಗೊತ್ತಾಗಲಿಲ್ಲ.

ಅಂದಿನಿಂದ ಎದುರುಮನೆಯ ಕಟ್ಟೆ ಖಾಲಿ ಬಿತ್ತು. ಸಂಜೆ ಹೊತ್ತು ಖಾಸೀಂಬಿ ಹೊರಗೆ ಬಂದು ಕೂತರೆ ನಿಂಬೆವ್ವ ಒಳಗೆ. ಕೂಗಿದರೆ ಜಯಮಾಲಾ ಹೊರಬಂದು, “ಅತ್ತಿ ಅಡ್ಡಾಗ್ಯಾರ್ರಿ” ಎನ್ನುತ್ತಿದ್ದಳು. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡಳು ಖಾಸೀಂಬಿ. ಹುಷಾರಿಲ್ಲದವಳು ಮುಂಜಾನೆ ಹೊಲಕ್ಕೆ ಹೋಗಿ ಬರುವುದನ್ನು ಕಂಡ ಮೇಲೆ ಆ ಸಮಾಧಾನವೂ ಉಳಿಯಲಿಲ್ಲ. ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಬೇರೆ ವರ್ಷಗಳಲ್ಲಿ ಇಷ್ಟು ಹೊತ್ತಿಗೆ ಭಜ್ಜಿಗೆ ಎಷ್ಟು ಅವರೆಕಾಯಿ ಬೇಕು, ಯಾರು ಸುಲಿಯಬೇಕು ಎಂಬ ಜಗಳ ಶುರುವಾಗಿರುತ್ತಿತ್ತು. ಈ ಸಲ ಒಂದು ಮಾತೂ ಇಲ್ಲ.

ಒಂದು ಮಧ್ಯಾಹ್ನ ಯಾಸ್ಮೀನ ಮನೆಗೆ ಬಂದಾಗ ಖಾಸೀಂಬಿಯ ಇಳಕಲ್ ಸೀರೆ ಬಿಸಿಲಿಗೆ ಹಾಕಿತ್ತು. ವರ್ಷಕ್ಕೊಮ್ಮೆ ಹೊಲಕ್ಕೆ ಉಟ್ಟುಕೊಂಡು ಹೋಗುವ ಸೀರೆ ಅದು. ಸಂಜೆ ನೋಡಿದರೆ ಖಾಸೀಂಬಿ ಅದನ್ನು ಮಡಚಿ ಮತ್ತೆ ಟ್ರಂಕಿನ ತಳಕ್ಕೆ ಸೇರಿಸುತ್ತಿದ್ದಳು.

“ಯಾಕಮ್ಮಾ, ಒಳಗ ಇಡಾಕತ್ತೀರಿ?”

“ಕರಿದೇ ಹ್ಯಾಂಗ ಹೋಗಲಿ?” ಖಾಸೀಂಬಿ ಕನ್ನಡದಲ್ಲಿ ಹೇಳಿದಳು. “ಮಾಲೂಮ ಆಗವಲ್ದು ಬೇಟಿ, ನಾ ಏನ ತಪ್ಪ ಮಾಡೇನಿ ಅಂತ. ಆ ಅಣ್ಣ ಹೋದ. ಇನ್ನ ನನ್ನ ಕರಿಯೋರು ಯಾರು?”

ಅತ್ತೆ ಅಳುವವಳಲ್ಲ. ಆ ಸಂಜೆಯೂ ಅಳಲಿಲ್ಲ, ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ತನಗೆ ಬೀದಿಯಲ್ಲಿ ತಲೆ ಎತ್ತಿ ನಡೆಯುವ ದಾರಿ ಮಾಡಿಕೊಟ್ಟ ಹೆಣ್ಣು ಇದು. ಇವಳಿಗೆ ಆ ಒಂದು ದಿನವನ್ನು ಹೇಗಾದರೂ ತಂದು ಕೊಡಬೇಕು ಎಂದು ಯಾಸ್ಮೀನ ನಿಶ್ಚಯ ಮಾಡಿದಳು.

ಮರುದಿನ ಮುಂಜಾನೆ ಜಯಮಾಲಾ ಕಸದ ಬುಟ್ಟಿ ಹಿಡಿದು ಗಾಡಿಯ ಹತ್ತಿರ ಬಂದಾಗ ಯಾಸ್ಮೀನ ಮೈಕು ಬಂದ್ ಮಾಡಿದಳು. ಅಷ್ಟಕ್ಕೇ ಜಯಮಾಲಾಳಿಗೆ ಏನೋ ವಿಷಯವಿದೆ ಎಂದು ತಿಳಿಯಿತು.

“ಖರೇ ಹೇಳ ಜಯಮಾಲಾ. ನಿಮ್ಮತ್ತಿ ನಮ್ಮ ಮ್ಯಾಲ ಯಾಕ ಸಿಟ್ಟಾಗ್ಯಾರ?”

ಜಯಮಾಲಾ ಆಚೆ ಈಚೆ ನೋಡಿದಳು. “ಸಿಟ್ಟಲ್ರಿ ಯಾಸ್ಮೀನಕ್ಕ. ಮನಸಿಗೆ ಹಚ್ಕೊಂಡಾರ. ನೀವು ದೀಪಾವಳಿ ಡಬ್ಬಿ ಖಾಲಿ ಕೊಟ್ರೆಲ್ಲ, ಅದೂ ಬೋರಲು ಇಟ್ಟು.”

“ತೊಳದು ಕೊಟ್ಟೇನಿ.”

“ತೊಳದ್ರೇನಾತ್ರಿ? ಹಬ್ಬದ ಡಬ್ಬಿ ಯಾರೂ ಖಾಲಿ ಕೊಡಂಗಿಲ್ಲ. ಒಂದು ಹಿಡಿ ಜ್ವಾಳ, ಒಂದು ಬೆಲ್ಲದ ಚೂರು, ಏನರ ಹಾಕಿ ಕೊಡಬೇಕು. ಸಾವಿನ ಮನಿ ಡಬ್ಬಿ ಅಷ್ಟ ಖಾಲಿ ಬರ್ತದ, ಬೋರಲು ಇಡ್ತಾರ. ಹೋದವರ ಋಣ ಮುಗೀತು ಅಂತ ಅದರ ಅರ್ಥ.” ಜಯಮಾಲಾಳ ದನಿ ಇಳಿಯಿತು. “ಅತ್ತಿ ಆ ಡಬ್ಬಿ ನೋಡಿ, ಖಾಸೀಂಬಿ ನನ್ನ ಕೂಡ ಋಣ ಹರಕೊಂಡ್ಲು ಅಂದ್ರು. ಅವತ್ತಿನಿಂದ ಹೊರಗ ಕುಂದ್ರವಲ್ರು.”

ಯಾಸ್ಮೀನ ಗಾಡಿ ಚಾಲೂ ಮಾಡಿ ಮುಂದಿನ ಓಣಿಗೆ ಹೋದಳು. ಆ ದಿನ ಸರಸಂಬಾದಲ್ಲಿ ಮೈಕಿನ ಸದ್ದಿರಲಿಲ್ಲ. ರುಕ್ಮಿಣಿಬಾಯಿ ಚಹಾ ಹಿಡಿದು ನಿಂತೇ ಇದ್ದಳು, ಗಾಡಿ ನಿಲ್ಲದೆ ಹೋಯಿತು. ವರ್ಷ ತುಂಬಿ ಈಗಷ್ಟೇ ದುಃಖದಿಂದ ಎದ್ದ ಮನೆ, ಮೊದಲ ಹಬ್ಬ, ಮೊದಲ ಡಬ್ಬಿ. ಅದರ ಕಟ್ಟೆಯ ಮೇಲೆ ತಾನು ಸಾವಿನ ಗುರುತು ಇಟ್ಟು, ಕೂಗಿ ಬೇರೆ ಹೇಳಿ ಬಂದೆನಲ್ಲ ಎಂದು ಅವಳು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಮಧ್ಯಾಹ್ನ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದಳು. ಖಾಸೀಂಬಿಯ ಮುಖ ಕೆಂಪಾಯಿತು. “ಹನ್ನೆರಡು ವರ್ಷ ಆತು ನೀ ಈ ಮನಿಗೆ ಬಂದು. ಅಷ್ಟೂ ತಿಳಿಲಿಲ್ಲೇನು ನಿನಗ? ಖಾಲಿ ಡಬ್ಬಿ ಯಾರರ—” ಎಂದು ಜೋರಾಗಿ ಶುರು ಮಾಡಿದವಳು ನಡುವೆಯೇ ನಿಂತಳು. ಏನೋ ಲೆಕ್ಕ ಹಾಕುವವಳ ಹಾಗೆ ಸೊಸೆಯ ಮುಖ ನೋಡಿದಳು. ಇವಳು ಬರುವ ಹೊತ್ತಿಗೆ ಓಣಿಯಲ್ಲಿ ಎಲ್ಲರೂ ಪ್ಲಾಸ್ಟಿಕ್ ಲೋಟಕ್ಕೆ ಬಿದ್ದಿದ್ದರು. ಕೊಟ್ಟದ್ದು ಯಾವುದೂ ತಿರುಗಿ ಬರುತ್ತಿರಲಿಲ್ಲ, ಬಂದದ್ದನ್ನು ಯಾರೂ ತಿರುಗಿ ಕೊಡುತ್ತಿರಲಿಲ್ಲ.

“ತಪ್ಪು ನಂದು” ಎಂದಳು ಖಾಸೀಂಬಿ. ದನಿ ಮೆತ್ತಗಾಗಿತ್ತು. “ವಾಪಸ್ ಬರೂವಂಥಾದ್ದು ನಾ ಏನ ಕೊಟ್ಟಿದ್ದೆ, ನೋಡಿ ನೀ ಕಲಿಯಾಕ? ಎಲ್ಲಾ ಕಸಕ್ಕೇ ಹೋತು. ಕಸದ ಜೋಡಿ ಇದೂ ಹೋತು.”

“ಈಗೇ ಶಿರಾ ಮಾಡ್ತೇನಿ ಅಮ್ಮಾ. ದೊಡ್ಡ ಡಬ್ಬಿ ತುಂಬ ಒಯ್ದು ನಿಂಬೆವ್ವ ಚಿಗವ್ವನ ಕಾಲಿಗೆ ಬೀಳ್ತೇನಿ.”

“ಬ್ಯಾಡ. ಈಗ ತುಂಬಿ ಒಯ್ದ್ರ ದಂಡಾ ಕಟ್ಟಿದಂಗ ಆಗ್ತದ. ಆಕಿನೂ ತಗೊಂಡು, ಆತು, ಚುಕ್ತಾ ಆತು ಅಂತಾಳ.” ಖಾಸೀಂಬಿ ಗೋಡೆ ಹಿಡಿದು ಎದ್ದಳು. “ನಡಿ ನನ್ನ ಕೂಡ. ಕೈಯಾಗ ಏನೂ ಹಿಡೀಬ್ಯಾಡ.”

ಅತ್ತೆ ಏನು ಮಾಡಲಿದ್ದಾಳೆ ಎಂದು ಯಾಸ್ಮೀನಳಿಗೆ ತಿಳಿಯಲಿಲ್ಲ. ಬರಿಗೈಯಲ್ಲಿ ಹೋಗಿ ನಿಂತರೆ ಅದು ಇನ್ನೂ ಅವಮಾನವಾಗುವುದಿಲ್ಲವೇ? ಆದರೆ ಖಾಸೀಂಬಿ ಆಗಲೇ ಹೊಸ್ತಿಲು ದಾಟಿ, ಒಂದೊಂದೇ ಹೆಜ್ಜೆ ಇಡುತ್ತ ಓಣಿಗೆ ಇಳಿದಿದ್ದಳು. ಬೇವಿನ ಮರಕ್ಕೆ ಕಟ್ಟಿದ್ದ ಎಮ್ಮೆ ಅವಳನ್ನು ನೋಡಿ ಒದರಿತು.

ನಿಂಬೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಹಬ್ಬದ ರೊಟ್ಟಿಗೆ. ಬಾಗಿಲಲ್ಲಿ ಖಾಸೀಂಬಿಯನ್ನು ಕಂಡದ್ದೇ ಮೊರದ ಸದ್ದು ನಿಂತಿತು. ಖಾಸೀಂಬಿ ಕರೆಯುವುದನ್ನು ಕಾಯದೆ, ಮೊಣಕಾಲು ಒತ್ತಿಕೊಂಡು ಹೊಸ್ತಿಲ ಹತ್ತಿರ ಕೂತುಬಿಟ್ಟಳು. ಯಾಸ್ಮೀನ ಅವಳ ಹಿಂದೆ ಗೋಡೆಗೆ ಅಂಟಿ ನಿಂತಳು.

“ನಿಂಬಿ” ಎಂದಳು ಖಾಸೀಂಬಿ, “ಒಂದೀಟು ಹೆಪ್ಪು ಕೊಡು. ಹಾಲು ಕಾಸಿಟ್ಟೀನಿ. ಮನ್ಯಾಗ ಹೆಪ್ಪಿಲ್ಲ.”

ಯಾಸ್ಮೀನಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮನೆಯಲ್ಲಿ ಗಡಿಗೆ ತುಂಬ ಮೊಸರಿತ್ತು, ಮುಂಜಾನೆ ತಾನೇ ಕೈಯಾರೆ ಮುಚ್ಚಿಟ್ಟು ಬಂದಿದ್ದಳು. ಹಾಲಿಗೆ ಹೆಪ್ಪು ಹಾಕಲು ನೆರೆಮನೆಗೆ ಬರುವ ದರಿದ್ರ ಅವರಿಗೇನೂ ಬಂದಿರಲಿಲ್ಲ. ಬಾಯಿ ತೆರೆದರೆ ಕೆಲಸ ಕೆಟ್ಟೀತು ಎಂದು ಸೆರಗಿನ ತುದಿ ಕಚ್ಚಿಕೊಂಡಳು.

ನಿಂಬೆವ್ವ ಗೆಳತಿಯ ಮುಖವನ್ನು ಬಹಳ ಹೊತ್ತು ನೋಡಿದಳು.

“ಭಾಂಡಿ ತಂದೀ?”

“ಇಲ್ಲ. ನಿಂದರಾಗೇ ಕೊಡು.”

ನಿಂಬೆವ್ವ ಮೊರ ಪಕ್ಕಕ್ಕಿಟ್ಟು, ಮಡಿಲಿನ ಹೊಟ್ಟು ಕೊಡವಿ ಒಳಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಒಳಗೆ ಪಾತ್ರೆ ಸರಿಸುವ ಸದ್ದಾಯಿತು, ಆಮೇಲೆ ಅದೂ ಇಲ್ಲ. ಜಯಮಾಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೊಮ್ಮೆ ಹೊರಗೊಮ್ಮೆ ನೋಡುತ್ತಿದ್ದಳು. ಯಾಸ್ಮೀನ ಮನಸ್ಸಿನಲ್ಲೇ ದುವಾ ಮಾಡಿದಳು. ಕೊನೆಗೆ ನಿಂಬೆವ್ವ ಹೊರಬಂದಳು, ಕೈಯಲ್ಲಿ ಒಂದು ವಾಟಿ. ಹೆಪ್ಪು ಎಂದರೆ ಬೆರಳ ತುದಿಯಷ್ಟು ಸಾಕು. ವಾಟಿ ಕಂಠದವರೆಗೆ ಮೊಸರಿನಿಂದ ತುಂಬಿತ್ತು. ಅವಳ ಮೂಗು ಕೆಂಪಾಗಿತ್ತು.

ಯಾಸ್ಮೀನಳಿಗೆ ಇನ್ನು ತಡೆಯಲಾಗಲಿಲ್ಲ. “ಚಿಗವ್ವ, ಆ ಡಬ್ಬಿ ಇಟ್ಟಾಕಿ ನಾನು. ಅಮ್ಮಗ ಗೊತ್ತೇ ಇರಲಿಲ್ಲ. ಮಾಮಾ ಹೋದಾಗ ನಿಮ್ಮ ಮನ್ಯಾಗ ಡಬ್ಬಿ ಹಂಗೇ ಇಡತಿದ್ರಲ್ಲ, ವಾಪಸ್ ಕೊಡೂ ರೀತಿ ಅದೇ ಅಂತ ತಿಳಕೊಂಡೆ. ಮಾಫ್ ಮಾಡ್ರಿ.”

ನಿಂಬೆವ್ವ ಅವಳನ್ನು ನೋಡಿದಳು, ಖಾಸೀಂಬಿಯನ್ನು ನೋಡಿದಳು, ವಾಟಿ ಹಿಡಿದುಕೊಂಡೇ ಧೊಪ್ಪನೆ ಎದುರಿಗೆ ಕೂತಳು. “ಅವ ಹೋದಾಗ ನಿಮ್ಮ ರೊಟ್ಟಿ ತಿಂದು ಉಳದೀವಿ ನಾವು” ಎಂದಳು. ಈ ಮಾತು ಖಾಸೀಂಬಿಗೇ. “ಅದನ್ನ ಹ್ಯಾಂಗ ತೀರಸಲಿ ಅಂತ ವರ್ಷ ಪೂರ್ತಿ ಕುಂತಿದ್ದೆ. ತುಂಬಿದ ಡಬ್ಬಿ ಕಳಿಸಿದ್ರ ನೀ ಖಾಲಿ ಮಾಡಿ ಬೋರಲಿಟ್ಟಿ. ತೀರ್ತು, ಇನ್ನ ನಿನ್ನ ದಾರಿ ನೀ ನೋಡ್ಕೋ ಅಂದಂಗಾತು ನನಗ.”

“ತೀರಸು ಅಂತ ನಿನಗ ಯಾರ ಹೇಳ್ಯಾರ?” ಎಂದಳು ಖಾಸೀಂಬಿ. “ನಾ ಕೇಳೇನೇನು?”

ನಿಂಬೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, ವಾಟಿಯನ್ನು ಖಾಸೀಂಬಿಯ ಎರಡೂ ಕೈಗೆ ಇಟ್ಟಳು. ಆಮೇಲೆ ಅವಳ ದನಿ ಹಳೆಯ ದನಿಯಾಯಿತು, ಬೈಯುವ ದನಿ.

“ಅಮಾಸಿ ನಾಡದು ಅದ. ಅವರಿಕಾಯಿ ಒಂದು ಬುಟ್ಟಿ ಬಂದು ಬಿದ್ದಾವ. ಯಾರ ಸುಲಿಬೇಕು ಅವನ್ನ? ನಾ ಒಬ್ಬಾಕಿನೇ ಸಾಯಲೇನು?”

“ನೀ ಕರದ್ರ ಬರ್ತಿದ್ದೆ.”

“ಕರೀಬೇಕೇನ ಬೇ ನಿನಗ? ಮಾಳಿಂಗ ಟ್ರ್ಯಾಕ್ಟರ್ ತರ್ತಾನ, ಸ್ಟೂಲಿಟ್ಟು ಹತ್ತಿಸ್ತಾನ.” ಮಾಳಿಂಗ ಅವಳ ಮಗ.

“ಟ್ರ್ಯಾಕ್ಟರ್ ಯಾಕ್ರಿ ಚಿಗವ್ವ? ನನ್ನ ಗಾಡಿ ಅದ” ಎಂದಳು ಯಾಸ್ಮೀನ. ಅಳು ನಗು ಎರಡೂ ಒಟ್ಟಿಗೆ ಬಂದಿದ್ದವು.

“ನಿನ್ನ ಗಾಡ್ಯಾಗ ಕುಂತ್ರ, ಮುದುಕ್ಯಾರನ್ನೂ ಕಸಕ್ಕ ಹಾಕಿದ್ರು ಅಂತದ ಊರು” ಎಂದಳು ನಿಂಬೆವ್ವ. ಜಯಮಾಲಾ ಕಿಸಕ್ಕನೆ ನಕ್ಕಳು. ದೀಪಾವಳಿಯ ನಂತರ ಆ ಪಡಸಾಲೆಯಲ್ಲಿ ಕೇಳಿದ ಮೊದಲ ನಗು ಅದು.

ಅತ್ತೆ ಸೊಸೆ ಮನೆಗೆ ತಿರುಗಿದರು. ಮೊಸರು ತುಳುಕದಂತೆ ಯಾಸ್ಮೀನ ವಾಟಿ ಹಿಡಿದಿದ್ದಳು, ಖಾಸೀಂಬಿ ಅವಳ ಭುಜ ಹಿಡಿದಿದ್ದಳು. ಹೊಟ್ಟೆಯ ಮೇಲೆ ಇಟ್ಟಿದ್ದ ಬೀಸುಕಲ್ಲು ಇಳಿಸಿದ ಹಾಗೆ ಹಗುರಾಗಿತ್ತು ಯಾಸ್ಮೀನಳಿಗೆ. ಎಂಥ ಮನೆಗೆ ತಂದು ಸೇರಿಸಿದೆ ನನ್ನನ್ನು ಎಂದು ದೇವರಿಗೆ ಹೇಳಿದಳು, ಎಂಥ ಓಣಿಗೆ ತಂದು ಸೇರಿಸಿದೆ.

“ಅಮ್ಮಾ, ಮನ್ಯಾಗ ಗಡಿಗಿ ತುಂಬ ಮೊಸರದ. ನಾಳಿಗೆ ಚಿಗವ್ವಗ ಗೊತ್ತಾದ್ರ?”

“ಆಕಿಗೆ ಗೊತ್ತಿಲ್ಲೇನು? ಎಮ್ಮಿ ಕಟ್ಟೂದು ಆಕಿ ಬಾಗಲ ಮುಂದ, ಹಿಂಡೂದು ಆಕಿ ಕಣ್ಣ ಮುಂದ.” ಖಾಸೀಂಬಿ ನಿಂತು ಉಸಿರು ತೆಗೆದುಕೊಂಡಳು. “ಗೊತ್ತಿದ್ದೇ ಕೊಟ್ಟಾಳ.”

ಯಾಸ್ಮೀನ ಕೈಯಲ್ಲಿದ್ದ ವಾಟಿ ನೋಡಿದಳು. ಈ ಸಲ ತಪ್ಪಾಗಬಾರದು.

“ಹಂಗಂದ್ರ ನಾಳಿಗೆ ಇದರಾಗ ಏನ ಹಾಕಿ ವಾಪಸ್ ಕೊಡ್ಲಿ? ಬೆಲ್ಲ ಹಾಕ್ಲೇನು?”

“ನಾಳಿಗೇ ಯಾಕ ಕೊಡ್ತಿ?” ಎಂದಳು ಖಾಸೀಂಬಿ, ಹೊಸ್ತಿಲ ಮೇಲೆ ಕಾಲಿಡುತ್ತ. “ಇರಲಿ ತಗೋ. ನಾಕು ದಿನ ಆಕಿ ಋಣದಾಗ ಇರೂಣು.”